ಮಂಡಿಯ ಮೇಲಿನ ಪಟೇಲ

ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ನನ್ನ ಫೋನಿಗೆ ಒಂದೆರಡು ಕರೆ ಬಂದೇ ಬರುತ್ತವೆ. ಮಂಡ್ಯದಲ್ಲಿ ಫಿಸಿಯೋಥೆರಪಿಗೆ ಹೊಸದಾಗಿ ಸೇರಿದ ಹುಡುಗಿಯರು. ಯಾರೋ ನನ್ನ ನಂಬರು ಕೊಟ್ಟಿರುತ್ತಾರೆ. "ಅಕ್ಕಾ, ಅನಾಟಮಿಗೆ ಯಾವ ಅಟ್ಲಾಸ್ ತಗೊಳ್ಲಿ? ಮೂಳೆ ಸೆಟ್ ಬೇಕೇ ಬೇಕಾ? ಫೋನಲ್ಲಿ ಆ್ಯಪ್ ಇದ್ರೆ ಸಾಕಾಗಲ್ವಾ?" ಎಂದು ಕೇಳುತ್ತಾರೆ. ನಾನು ಮಳವಳ್ಳಿಯ ನನ್ನ ಪುಟ್ಟ ಕ್ಲಿನಿಕ್ಕಿನಲ್ಲಿ ಯಾರದೋ ಹೆಗಲು ಹಿಡಿದು ನಿಂತಿರುತ್ತೇನೆ. "ಮನೇಲಿ ಅಜ್ಜಿ ಅವ್ರಾ?" ಎಂದು ವಾಪಸು ಕೇಳುತ್ತೇನೆ. ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೋ ಏನೋ. ಹೆಗಲು ಕೊಟ್ಟು ಕೂತವರು ಮಾತ್ರ ನಗುತ್ತಾರೆ. ಅವರಿಗೆ ಈ ಕತೆ ಗೊತ್ತು. ನನ್ನ ಕೈಗೆ ಸಿಕ್ಕ ಯಾರನ್ನೂ ನಾನು ಇದನ್ನು ಹೇಳದೆ ಬಿಟ್ಟಿಲ್ಲ.

ಇಲ್ಲಿಯೂ ಹೇಳುತ್ತೇನೆ. ಜಂಬ ಎನ್ನುವವರು ಎನ್ನಲಿ, ಜಂಬವೇ.

ನಮ್ಮದು ಮದ್ದೂರು ತಾಲ್ಲೂಕು, ಕೊಪ್ಪದ ಹತ್ತಿರ ಒಂದು ಹಳ್ಳಿ. ಭತ್ತ, ಕಬ್ಬು, ಕೊಟ್ಟಿಗೆಯಲ್ಲಿ ಸೀಮೆಹಸು. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿಯಾದ ಅಜ್ಜಿ. ನಾನು ಓದಿದ್ದು ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು, ಇಂಗ್ಲಿಷಿನ ಜೊತೆ ಗುದ್ದಾಡಿ, ಹೇಗೋ ದಡ ಸೇರಿ ಫಿಸಿಯೋಥೆರಪಿಗೆ ಸೀಟು ಪಡೆದೆ. ಅದೇನು ಓದು ಎಂದು ಊರಲ್ಲಿ ಒಬ್ಬರಿಗೂ ತಿಳಿಯದು. "ಮೂಳೆ ಡಾಕ್ಟ್ರಾ? ಅಲ್ವಾ? ನರದ್ದಾ? ಅದೂ ಅಲ್ವಾ? ಇನ್ನೇನು, ಕೈಕಾಲ್ ಒತ್ತೋದಾ?" ಎಂದು ಪಕ್ಕದ ಮನೆಯಾಕೆ ಕೇಳಿದಾಗ ಅವ್ವ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದಳು.

ನಮ್ಮ ಕಡೆಯ ಬಾಯಿಗೆ ಹಕಾರವೆಂದರೆ ಅಷ್ಟಕ್ಕಷ್ಟೇ. ಹಾಲು ಆಲು, ಹಳ್ಳಿ ಅಳ್ಳಿ, ಹೋಗುವುದು ಓಗುವುದು. ಊರೊಳಗೆ ಇದರಿಂದ ಯಾರಿಗೂ ಏನೂ ತೊಂದರೆಯಾದದ್ದಿಲ್ಲ. ತೊಂದರೆಯಾದದ್ದು ನನಗೆ, ಕಾಲೇಜಿನ ಮೊದಲ ವಾರದಲ್ಲಿ. ಅನಾಟಮಿಯ ಮೇಡಂ ಕೈಯ ಮೂಳೆಗಳ ಚಿತ್ರ ತೋರಿಸಿ, ಹೆಸರುಗಳನ್ನು ಗಟ್ಟಿಯಾಗಿ ಓದು ಎಂದು ನನ್ನನ್ನೇ ಎಬ್ಬಿಸಿದರು. ರಟ್ಟೆಯ ಮೂಳೆ ಹ್ಯೂಮರಸ್. ನಾನು "ಯೂಮರಸ್" ಎಂದೆ. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ನನಗೆ ಗೊತ್ತಾಯಿತು, ಹ ಬಿಟ್ಟುಹೋಯಿತು ಎಂದು. ಇನ್ನು ಮೇಲೆ ಬಿಡಬಾರದು ಎಂದು ಹಲ್ಲು ಕಚ್ಚಿ ಮುಂದಿನ ಹೆಸರಿಗೆ ಬಂದೆ. ಅದು ಮುಂಗೈಯ ಮೂಳೆ, ಅಲ್ನಾ. ನಾನು ಎದೆಯುಬ್ಬಿಸಿ "ಹಲ್ನಾ" ಎಂದೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಹೂರಿಂದ ಹಾಟೋದಲ್ಲಿ ಬಂದ್ಯಾ?" ಎಂದು ಒಬ್ಬಳು ಕೇಳಿದಳು. ಅವಳೇ ಸಂಜೆ ಹಾಸ್ಟೆಲಿನಲ್ಲಿ ನನ್ನ ರೂಮಿಗೆ ಬಂದಳು, ಅವಳೇ ನನ್ನ ರೂಮ್‌ಮೇಟು, ಬೆಂಗಳೂರಿನವಳು.

ಅಂದಿನಿಂದ ನಾನು ಕ್ಲಾಸಿನಲ್ಲಿ ಬಾಯಿ ಬಿಡುವುದನ್ನು ಬಿಟ್ಟೆ. ಬರೆಯುವುದರಲ್ಲಿ ಮುಂದು, ಹೇಳುವುದರಲ್ಲಿ ಮೂಗಿ. ಮೊದಲ ವೈವಾ ಬಂತು. ವೈವಾ ಎಂದರೆ ಮೂಳೆಯನ್ನು ಕೈಗೆ ಕೊಟ್ಟು ಬಾಯಲ್ಲಿ ಪ್ರಶ್ನೆ ಕೇಳುವ ಪರೀಕ್ಷೆ. ಮೇಡಂ ನನ್ನ ಅಂಗೈಗೆ ಹಾಕಿದ್ದು ಅದೇ ಹಾಳು ಹ್ಯೂಮರಸ್. ನನಗೆ ಎಲ್ಲವೂ ಗೊತ್ತಿತ್ತು. ಯಾವ ಕಡೆಯದು, ತಲೆ ಎಲ್ಲಿ, ನರ ಸುತ್ತಿಕೊಂಡು ಹೋಗುವ ಗೆರೆ ಎಲ್ಲಿ, ಎಲ್ಲ. ಆದರೆ ನಾಲಿಗೆಯ ತುದಿಯಲ್ಲಿ ಹಕಾರ ನಿಂತಿತ್ತು, ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮೂಳೆ ಹಿಡಿದು ಹಾಗೇ ನಿಂತೆ.

ಮೇಡಂ ಕೆಟ್ಟವರಲ್ಲ. ಆದರೆ ಮುಲಾಜಿನವರೂ ಅಲ್ಲ. "ನೋಡಮ್ಮಾ, ಬಾಯಿ ಬಿಡದೋರಿಗೆ ಮಾರ್ಕ್ಸ್ ಕೊಡೋಕೆ ನನಗೆ ಬರಲ್ಲ. ವರ್ಷದ ಕೊನೆಗೆ ಹೊರಗಿನಿಂದ ಎಕ್ಸಾಮಿನರ್ ಬರ್ತಾರೆ. ಅವರ ಮುಂದೆಯೂ ಹೀಗೇ ನಿಂತರೆ ಫೇಲೇ. ಆಮೇಲೆ ಪೇಷಂಟ್ ಮುಂದೆ ಏನು ಮಾಡ್ತೀಯಾ, ಕೈಸನ್ನೆನಾ?" ಎಂದರು. ಆ ಕೊನೆಯ ಮಾತು ಚುಚ್ಚಿತು. ಕೈಕಾಲು ಒತ್ತೋದಾ ಎಂದು ಕೇಳಿದ ಪಕ್ಕದ ಮನೆಯಾಕೆಯ ಮುಖ ಕಣ್ಣಮುಂದೆ ಬಂತು. ಅನಾಟಮಿಯಲ್ಲಿ ಡುಮ್ಕಿ ಹೊಡೆದು ಮನೆಗೆ ಹೋದರೆ ಅವ್ವ ಇನ್ನೆಷ್ಟು ಪಾತ್ರೆ ತೊಳೆಯಬೇಕು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ನೆಲವನ್ನೇ ದೂರಿದೆ. ತಪ್ಪು ನನ್ನದಲ್ಲ, ಓದುವ ಸಾಮಾನಿನದು ಎಂದು ತೀರ್ಮಾನಿಸಿದೆ. ಸರಿಯಾದ ಸಾಮಾನು ಸಿಕ್ಕರೆ ಬಾಯಿ ತಾನಾಗಿ ಬಿಡುತ್ತದೆ ಎಂದು ಹುಡುಕಲು ಹೊರಟೆ.

ಮೊದಲು ಲೈಬ್ರರಿಯ ಅಟ್ಲಾಸು. ಒಂದು ಮಗುವಿನಷ್ಟು ಭಾರ. ಅದರೊಳಗೆ ಚರ್ಮ ಸುಲಿದ ಒಬ್ಬ ಗಂಡಸು ಅಂಗೈ ಮುಂದಕ್ಕೆ ಚಾಚಿ ನಿಂತಿರುತ್ತಾನೆ. ಮೈತುಂಬ ಕೆಂಪು ಮಾಂಸಖಂಡ, ಒಂದೊಂದೂ ಬಿಡಿಸಿಟ್ಟ ಹಲಸಿನ ತೊಳೆ. ನಮ್ಮೂರ ಗದ್ದೆಯಲ್ಲಿ ಹಗಲಿಡೀ ದುಡಿಯುವವರಿದ್ದಾರೆ, ಅವರ ಪೈಕಿ ಒಬ್ಬರಿಗೂ ಅಂಥ ಮೈಯಿಲ್ಲ. ಸಾಲದ್ದಕ್ಕೆ ಅವನ ಬಲ ನನ್ನ ಎಡಕ್ಕೆ, ಅವನ ಎಡ ನನ್ನ ಬಲಕ್ಕೆ. ಅವನ ಎದುರಿಗೆ ಕೂತು ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿ ಕತ್ತು ಉಳುಕಿಸಿಕೊಂಡೆ.

ಆಮೇಲೆ ಆ್ಯಪು. ರೂಮ್‌ಮೇಟಿನ ಟ್ಯಾಬಿನಲ್ಲಿ ಅದು ಚೆನ್ನಾಗಿಯೇ ಇತ್ತು. ಬೆರಳಾಡಿಸಿದರೆ ಅಸ್ಥಿಪಂಜರ ಸುತ್ತುತ್ತದೆ, ಮುಟ್ಟಿದ ಮೂಳೆ ಬಣ್ಣ ತಿರುಗುತ್ತದೆ, ಒಂದು ಹೆಣ್ಣುದನಿ ಹೆಸರು ಹೇಳುತ್ತದೆ. ಅವಳ ಹಕಾರವೋ, ಕೇಳಬೇಕು, ಗಂಟಲಿನಿಂದ ಗಾಳಿ ಬೀಸುತ್ತಿತ್ತು. ನನ್ನ ಫೋನಿಗೆ ಹಾಕಿಕೊಂಡೆ. ಫೋನು ಬಿಸಿಯಾಗಿ, ಅಸ್ಥಿಪಂಜರ ಅರ್ಧ ತಿರುಗಿ, ನನಗೆ ಬೆನ್ನು ಹಾಕಿ ನಿಂತುಬಿಟ್ಟಿತು. ನಿಂತಿದ್ದು ನಿಂತೇ ಇತ್ತು. ಅದೂ ಹೋಗಲಿ, ಆ್ಯಪಿನವಳು ಎಷ್ಟು ಚೆನ್ನಾಗಿ ಹೇಳಿದರೆ ನನಗೇನು? ಬಾಯಿ ಬಿಡಬೇಕಾದವಳು ನಾನು.

ಮಂಡ್ಯದಲ್ಲಿ ಆಸ್ಪತ್ರೆಯ ಸಾಮಾನು ಮಾರುವ ಅಂಗಡಿಯಲ್ಲಿ ಪ್ಲಾಸ್ಟಿಕ್ ಮೂಳೆಗಳಿದ್ದವು. "ತಗೊಳಿ ಮೇಡಂ, ಬಿದ್ರೂ ಒಡೆಯಲ್ಲ, ತೊಳುದ್ರೂ ಏನಾಗಲ್ಲ" ಎಂದು ಅಂಗಡಿಯವನು ತೊಡೆಯ ಮೂಳೆಯನ್ನು ಟೇಬಲ್ಲಿಗೆ ಬಡಿದು ತೋರಿಸಿದ. ಒಡೆಯಲಿಲ್ಲ, ನಿಜ. ಆದರೆ ಬೆರಳಾಡಿಸಿದರೆ ನುಣ್ಣಗೆ ಜಾರುತ್ತಿತ್ತು, ಮಾಂಸ ಅಂಟಿಕೊಳ್ಳುವ ಒರಟು ಜಾಗಗಳೇ ಇರಲಿಲ್ಲ. ವೈವಾದಲ್ಲಿ ಕೇಳುವುದೆಲ್ಲ ಆ ಒರಟು ಜಾಗಗಳನ್ನೇ. ಆಟಿಕೆ ಎಂದುಕೊಂಡು ಬಂದೆ.

ಕೊನೆಗೆ ನನ್ನ ಸೀನಿಯರ್ ಒಬ್ಬಳು ತನ್ನ ಮೂಳೆಪೆಟ್ಟಿಗೆ ಕೊಟ್ಟಳು. ನಿಜವಾದ ಮನುಷ್ಯರ ಮೂಳೆ, ಅರ್ಧ ಮೈಯದು, ಒಂದು ಕೈ, ಒಂದು ಕಾಲು, ಅರ್ಧ ಸೊಂಟ, ಬೆನ್ನಿನ ಗೆಣ್ಣುಗಳು. ಎಷ್ಟೋ ವರ್ಷದಿಂದ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತ ಬಂದ ಪೆಟ್ಟಿಗೆ. "ಪಾಸಾದ ಮೇಲೆ ವಾಪಸ್ ತಂದಿಡು. ಮುಂದಿನವರಿಗೆ ಕೊಡಬೇಕು" ಎಂದಳು. ದಸರಾ ರಜೆ ಬಂದಿತ್ತು. ಪೆಟ್ಟಿಗೆಯನ್ನು ಗೋಣಿಚೀಲಕ್ಕೆ ಹಾಕಿ ಮದ್ದೂರಿನ ಬಸ್ಸು ಹತ್ತಿದೆ. ಕಂಡಕ್ಟರು ಚೀಲವನ್ನು ಕಾಲಲ್ಲಿ ತಳ್ಳಿ ನೋಡಿದ.

"ಏನಮ್ಮ ಇದು, ಗಡಗಡ ಅಂತದೆ? ಪಾತ್ರೆನಾ?"

"ಮೂಳೆ."

"ಯಾವ ಮೂಳೆ?"

"ಮನುಷ್ಯರದು."

ಆತ ನನ್ನ ಮುಖ ನೋಡಿದ, ಚೀಲ ನೋಡಿದ, ಲಗೇಜಿನ ಚೀಟಿಯನ್ನೂ ಹರಿಯದೆ ಮುಂದಕ್ಕೆ ಹೋದ. ಮದ್ದೂರು ಬರುವವರೆಗೆ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಅಷ್ಟು ಆರಾಮಾಗಿ ನಾನು ಆ ದಾರಿಯಲ್ಲಿ ಯಾವತ್ತೂ ಬಂದಿಲ್ಲ.

ಆದರೆ ಮನೆಯ ಬಾಗಿಲಲ್ಲಿ ಅಜ್ಜಿ ಇದ್ದಳು.

"ಏನ್ ಮಗ ಅದು?"

ಹೇಳಿದೆ. ಅಜ್ಜಿ ಎದ್ದು ನಿಂತು ಎರಡೂ ಕೈ ಬಾಗಿಲಿಗೆ ಅಡ್ಡ ಇಟ್ಟಳು. "ಮೂಳೆ ಒಸ್ಲು ದಾಟಂಗಿಲ್ಲ. ಆಚೆಗೇ ಮಡಗು."

"ಓದೋಕೆ ಕಣಜ್ಜಿ. ಇದಿಲ್ದಿದ್ರೆ ಪಾಸಾಗಲ್ಲ."

"ಯಾರ್ದು ಅದು?"

"ಗೊತ್ತಿಲ್ಲ."

"ಗಂಡ್ಸಾ, ಎಂಗ್ಸಾ?"

"ಅದೂ ಗೊತ್ತಿಲ್ಲ."

"ಕಾವೇರಿಗೂ ಬುಡ್ದೆ, ಮಣ್ಗೂ ಆಕ್ದೆ, ಪೆಟ್ಗೇಲಿ ಆಕ್ಕಂಡು ತಿರುಗ್ತಾವ್ರಾ?" ಎಂದಳು ಅಜ್ಜಿ. ಕೋಪಕ್ಕಿಂತ ಹೆಚ್ಚು ಸಂಕಟ ಅವಳ ದನಿಯಲ್ಲಿತ್ತು. ಮೂಳೆಯ ಮೇಲಿನ ಒಂದೊಂದು ಉಬ್ಬು ತಗ್ಗಿಗೂ ಇಂಗ್ಲಿಷಿನಲ್ಲಿ ಹೆಸರು ಉರು ಹೊಡೆದಿದ್ದ ನನಗೆ ಅದು ಯಾರದೋ ಮೈ ಎಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅಪ್ಪ ಸಂಧಾನ ಮಾಡಿದ. ಪೆಟ್ಟಿಗೆ ಕೊಟ್ಟಿಗೆಯ ಮೂಲೆಗೆ ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಅದರ ಪಕ್ಕ ಒಂದು ಚೊಂಬು ನೀರು. ಯಾರಿಟ್ಟರು ಎಂದು ಕೇಳಲಿಲ್ಲ, ಗೊತ್ತೇ ಇತ್ತು. ಹಸುಗಳ ನಡುವೆ ಕೂತು ತೊಡೆಯ ಮೂಳೆ ಹಿಡಿದು ಓದಲು ನೋಡಿದೆ. ಸೊಳ್ಳೆ, ಸಗಣಿ, ಬಾಲದ ಏಟು. ಮುಖ ಊದಿಸಿಕೊಂಡು ಬಂದು ಜಗಲಿಯ ಮೇಲೆ ಕೂತೆ. ಅಜ್ಜಿ ಬಿಸಿಲು ಕಾಯಿಸುತ್ತಿದ್ದಳು.

"ಯಾಕ್ ಮಗ ಇಂಗ್ ಕುಂತಿದ್ದೀ?"

"ನೀನೇ ಎಲ್ಲ ಆಳು ಮಾಡ್ದೆ. ಮೂಳೆ ಇಲ್ದೆ ಎಂಗ್ ಓದ್ಲಿ?"

ಅಜ್ಜಿ ತನ್ನ ತೋಳನ್ನು ಚಾಚಿದಳು. ಒಣಗಿದ ತೋಳು, ಮುಂಗೈಯ ಮೇಲೆ ಹಳೆಯ ಹಸಿರು ಹಚ್ಚೆ. "ಮೂಳೆ ಬೇಕಾದ್ರೆ ನಾನಿಲ್ವಾ? ನನ್ ಮೈಮ್ಯಾಲೆ ಮಾಂಸ ಎಲ್ಲದೆ ಏಳು. ಬರೀ ಮೂಳೆಯೇ ಅದೆ. ನನ್ನೇ ಓದು."

ತಮಾಷೆಗೆ ಅವಳ ಕೈ ಹಿಡಿದೆ. ಮೊಣಕೈಯಿಂದ ಕಿರುಬೆರಳ ಕಡೆಗೆ ಬೆರಳು ಜಾರಿಸಿದೆ. ಚರ್ಮದಡಿಯಲ್ಲಿ ಅಲ್ನಾ ಮೊದಲಿನಿಂದ ಕೊನೆಯವರೆಗೆ ಸಿಕ್ಕಿತು. ಹೆಬ್ಬೆರಳ ಕಡೆಯಿಂದ ಹೋದರೆ ರೇಡಿಯಸ್. ಅಂಗೈಯನ್ನು ಮಗುಚಿದರೆ ಒಂದು ಮೂಳೆ ಇನ್ನೊಂದರ ಮೇಲೆ ಹೊರಳುವುದು ಕೈಗೇ ತಿಳಿಯುತ್ತಿತ್ತು. ಯಾವ ಅಟ್ಲಾಸಿನಲ್ಲೂ ಅದು ಹೊರಳುವುದಿಲ್ಲ. ಆ ಪ್ಲಾಸ್ಟಿಕ್ಕಿನಲ್ಲಂತೂ ಕೇಳಲೇಬೇಡಿ.

"ಇದು ಅಲ್ನಾ ಕಣಜ್ಜಿ" ಎಂದೆ. ಬಾಯಿಯಿಂದ ತಾನಾಗಿ ಬಂತು, ಹಕಾರವಿಲ್ಲದೆ, ಸರಿಯಾಗಿ.

"ಅಲ್ನಮ್ಮ" ಎಂದಳು ಅಜ್ಜಿ. "ಮುಂದಿಂದೇಳು."

"ರಟ್ಟೇದು ಯೂಮರಸ್."

"ಯಾವೂರ ಯೂಮರಮ್ಮನೋ. ಆಮ್ಯಾಕೆ?"

ಅಜ್ಜಿಯ ಬಾಯಲ್ಲಿ ಹಕಾರ ಹುಟ್ಟಿಯೇ ಇರಲಿಲ್ಲ. ಅವಳ ಮುಂದೆ ನನ್ನ ಯೂಮರಸ್ಸು ತಪ್ಪಾಗಲು ಸಾಧ್ಯವೇ ಇರಲಿಲ್ಲ. ಆ ರಜೆಯಿಡೀ ನಾನು ಗಂಟಲು ಬಿಟ್ಟು ಓದಿದೆ. ರಜೆ ಮುಗಿದ ಮೇಲೂ ಭಾನುವಾರ ಬಂತೆಂದರೆ ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಕೊಪ್ಪ, ಅಲ್ಲಿಂದ ಯಾರದಾದರೂ ಗಾಡಿಯ ಹಿಂದೆ ಕೂತು ಮನೆ. ಅಜ್ಜಿ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಸೆರಗು ಕಟ್ಟಿಕೊಂಡು, ಜಗಲಿಯ ಮೇಲೆ ರೆಡಿಯಾಗಿ ಕೂತಿರುತ್ತಿದ್ದಳು. ಅವ್ವನ ಕೈಲಿ ಕೆಲಸವಿದ್ದರೂ ನನ್ನನ್ನು ಕರೆಯಗೊಡುತ್ತಿರಲಿಲ್ಲ. "ಅವ್ಳು ಓದ್ಬೇಕು, ನಾನು ಕುಂತ್ಕೋಬೇಕು. ಬುಡು ನಮ್ಮನ್ನ" ಎನ್ನುತ್ತಿದ್ದಳು.

ಹಚ್ಚೆಯಿದ್ದದ್ದು ಬಲಗೈಯ ಮೇಲೆ. ಇವತ್ತಿಗೂ ಮೂಳೆ ಕೈಗೆ ಬಂದರೆ ಎಡವೋ ಬಲವೋ ಎಂದು ತೀರ್ಮಾನಿಸುವ ಮುಂಚೆ ನಾನು ಆ ಹಸಿರು ಹಚ್ಚೆಯನ್ನು ನೆನೆಯುತ್ತೇನೆ.

ಒಂದೊಂದೇ ಮೂಳೆಗೆ ಅಜ್ಜಿಯ ಬಾಯಲ್ಲಿ ನಾಮಕರಣವಾಯಿತು. ತೊಡೆಯ ಮೂಳೆ ಫೀಮರ್ ಎಂದೆ. "ಭೀಮ. ಅದ್ ಸರಿ ಬುಡು. ತೊಡೆ ಅಂದ್ಮ್ಯಾಲೆ ಭೀಮ ಇರ್ಲೇಬೇಕು" ಎಂದಳು. ಮೊಣಕಾಲ ಕೆಳಗಿನದನ್ನು ಮುಟ್ಟಿ ಟಿಬಿಯಾ ಎಂದದ್ದೇ ಕಾಲನ್ನು ರಪ್ಪನೆ ಹಿಂದಕ್ಕೆ ಎಳೆದುಕೊಂಡಳು. "ಟೀಬಿನಾ? ನಂಗಾ? ಯಾವಾಗ್ನಿಂದ?" ಅವಳನ್ನು ನಂಬಿಸುವಷ್ಟರಲ್ಲಿ ಸಾಕು ಸಾಕಾಯಿತು. ಬೆನ್ನಿನ ಕಟ್ಟಕಡೆಯ ಪುಟ್ಟ ಮೂಳೆಗೆ ಬಂದಾಗಲಂತೂ ಅವ್ವ ಒಳಗಿನಿಂದ ನಗುತ್ತ ಹೊರಗೆ ಓಡಿ ಬಂದಳು.

"ಕಾಕ್ಸಿಕ್ಸ್ ಕಣಜ್ಜಿ."

"ಕಕ್ಕಸ್ಸಾ?"

"ಅಲ್ಲ, ಕಾಕ್ಸಿಕ್ಸ್."

"ಅದೇ ಕಣೇ, ಕಕ್ಕಸ್ಸು. ಜಾಗ ನೋಡ್ಕಂಡೇ ಎಸ್ರು ಮಡಗವ್ರೆ ಬುಡು."

ಪೆನ್ನಿನಿಂದ ಅಜ್ಜಿಯ ಬೆನ್ನಿನ ಮೇಲೆ ಗುರುತು ಹಾಕುತ್ತಿದ್ದೆ. ಪಕ್ಕದ ಮನೆಯಾಕೆ ಬಂದು ಇಣುಕಿ, "ಏನಜ್ಜಿ, ಮೊಮ್ಮಗ್ಳು ಮೈಮ್ಯಾಲೆ ರಂಗೋಲಿ ಬುಡ್ತಾವ್ಳೆ?" ಎಂದಳು. ಅಜ್ಜಿ ತಲೆ ಕೂಡ ತಿರುಗಿಸಲಿಲ್ಲ. "ಡಾಕ್ಟ್ರು ಓದು ಕಣಮ್ಮಿ ಇದು. ನಾನು ಪುಸ್ತಕ. ಒಸಿ ಅತ್ತಗೆ ನಿಂತ್ಕೋ, ಬಿಸ್ಲು ಅಡ್ಡಾಯ್ತದೆ." ಆಕೆ ಅತ್ತ ನಿಂತಳು. ಆಮೇಲೆ ತಾನೂ ಮೆಲ್ಲಗೆ ತನ್ನ ಮೊಣಕೈ ಮುಟ್ಟಿಕೊಂಡು ನೋಡಿದಳು.

ಮಂಡಿಚಿಪ್ಪಿಗೆ ಪಟೆಲ್ಲಾ ಎಂದು ಹೆಸರು. ಅಜ್ಜಿ ಹುಬ್ಬು ಗಂಟಿಕ್ಕಿದಳು. "ಪಟೇಲ್ನಾ? ಅವ್ನಿಗೇನ್ ಕೆಲ್ಸ ನನ್ ಮಂಡೀಲಿ?" ಅವಳ ತವರು ಮಳವಳ್ಳಿ ಕಡೆ. ಚಿಕ್ಕಂದಿನಲ್ಲಿ ಊರ ಪಟೇಲನನ್ನು ಕಂಡವಳು. ಕಾಲನ್ನು ಸಡಿಲ ಬಿಟ್ಟಾಗ ಚಿಪ್ಪು ಬೆರಳಿಗೆ ಅತ್ತಿತ್ತ ಜಾರುತ್ತದೆ, ಕಾಲು ಬಿಗಿದರೆ ಅಲ್ಲಾಡದೆ ಕೂರುತ್ತದೆ. ಅಜ್ಜಿ ತಾನೇ ಎರಡು ಸಲ ಬಿಗಿದು, ಬಿಟ್ಟು ನೋಡಿದಳು. "ಕೆಲ್ಸಿಲ್ದಾಗ ಅತ್ತಗಿತ್ತಗೆ ತಿರುಗ್ತಾನೆ. ನಾಕ್ ಜನ ಎಳುದ್ರೆ ಬಿಗ್ಯಾಗಿ ಕುಂತ್ಕತಾನೆ. ಪಟೇಲ್ನೇ ಸರಿ" ಎಂದಳು. ಆ ಚಿಪ್ಪನ್ನು ಎಳೆಯುವ ತೊಡೆಯ ಮಾಂಸಖಂಡಗಳು ನಾಲ್ಕೇ. ಅಜ್ಜಿಗೆ ಅದು ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದ್ದಳು. ನಾನು ಬಿದ್ದು ಬಿದ್ದು ನಕ್ಕೆ.

ಹಾಗೆಂದು ಕೊಟ್ಟಿಗೆಯ ಪೆಟ್ಟಿಗೆಯನ್ನು ನಾನು ಬಿಟ್ಟುಕೊಡಲಿಲ್ಲ. ಅಜ್ಜಿಯ ಮೈಮೇಲೆ ಹುಡುಕಿದ್ದನ್ನು ಅಲ್ಲಿ ಹೋಗಿ ಕಣ್ಣಿಂದ ನೋಡುತ್ತಿದ್ದೆ. ಪಟೆಲ್ಲಾ ಎಡವೋ ಬಲವೋ ಎಂದು ತಿಳಿಯಲು ಒಂದು ಉಪಾಯವಿದೆ. ಚೂಪು ತುದಿಯನ್ನು ನಮ್ಮಿಂದ ಆಚೆಗೆ ಮಾಡಿ, ಬೆನ್ನು ಕೆಳಗಾಗಿ ಮೇಜಿನ ಮೇಲೆ ಇಟ್ಟರೆ ಅದು ತನ್ನ ಕಡೆಗೆ ವಾಲಿಕೊಳ್ಳುತ್ತದೆ. ಬಲಗಾಲಿನದಾದರೆ ಬಲಕ್ಕೆ, ಎಡಗಾಲಿನದಾದರೆ ಎಡಕ್ಕೆ. ಇದನ್ನು ಅಜ್ಜಿಗೆ ಹೇಳಿದೆ. "ಯಾರ್ ಕಡೆಗೆ ವಾಲ್ತಾನೋ ಅವ್ರ್ ಕಡೆಯೋನು. ಇದ್ಕೂ ಓದ್ಬೇಕಾ?" ಎಂದಳು.

ಸೊಂಟದ ಪಾಠ ಬಂದ ವಾರ ನಾನು ಬಸ್ಸಿಳಿದವಳು ಸೀದಾ ಕೊಟ್ಟಿಗೆಗೆ ಹೋದೆ. ಸೊಂಟದ ಮೂಳೆಯ ಹಿಂಭಾಗದಲ್ಲಿ ಒಂದು ಕಚ್ಚು, ಅಂದರೆ ಕಡಿದಂಥ ತಗ್ಗು, ಇದೆ. ಗಂಡಸರಲ್ಲಿ ಅದು ಕಿರಿದು, ಹೆಂಗಸರಲ್ಲಿ ಅಗಲ. ಹೆಬ್ಬೆರಳನ್ನು ಅದರೊಳಗಿಟ್ಟೆ. ಬೆರಳು ಅತ್ತಿತ್ತ ಆರಾಮಾಗಿ ಆಡಿತು. ಹೊರಗೆ ಬಂದು ಹೇಳಿದೆ.

"ಎಂಗ್ಸು ಕಣಜ್ಜಿ."

ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. ಕೊಟ್ಟಿಗೆಯ ಕಡೆಗೆ ನೋಡಿದಳು. "ಒಳಿಕ್ಕೆ ತಕ್ಕಂಬಾ" ಎಂದಳು.

"ಮೂಳೆ ಒಸ್ಲು ದಾಟಂಗಿಲ್ಲ ಅಂದಿದ್ದೆ?"

"ಎಂಗಸ್ರು ಆಚೆ ಕುಂತಿದ್ದು ಸಾಕು. ತಕ್ಕಂಬಾ."

ಪೆಟ್ಟಿಗೆ ಒಳಗೆ ಬಂತು. ಅಜ್ಜಿಯ ಮಂಚದ ಪಕ್ಕ, ಅವಳ ಸೀರೆಯ ಟ್ರಂಕಿನ ಮೇಲೆ ಅದಕ್ಕೆ ಜಾಗವಾಯಿತು. ಚೊಂಬು ಅದರ ಜೊತೆಗೇ ಬಂತು.

ವರ್ಷದ ಕೊನೆಯ ವೈವಾ ದಿನ ಬಂತು. ಹೊರಗಿನಿಂದ ಬಂದ ಎಕ್ಸಾಮಿನರ್ ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವವರು. ಪಕ್ಕದಲ್ಲಿ ನಮ್ಮ ಮೇಡಂ. ನನಗಿಂತ ಮುಂಚೆ ಒಳಗೆ ಹೋದ ರೂಮ್‌ಮೇಟ್ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಿದ್ದಳು. ಅವಳಂಥವಳಿಗೇ ಹೀಗಾದರೆ ನನ್ನ ಗತಿ ಏನೆಂದುಕೊಂಡು ಒಳಗೆ ಹೋದೆ.

ಅವರು ಟ್ರೇಯಿಂದ ಒಂದು ಪುಟ್ಟ ಮೂಳೆ ಎತ್ತಿ ಮುಂದಕ್ಕೆ ತಳ್ಳಿದರು. ಇದು ಯಾವುದು, ಯಾವ ಕಡೆಯದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಚೂಪು ತುದಿ ಆಚೆಗೆ ಮಾಡಿ ಮೇಜಿನ ಮೇಲಿಟ್ಟೆ. ಅದು ಬಲಕ್ಕೆ ವಾಲಿತು. ಮೇಡಂ ನನ್ನನ್ನೇ ನೋಡುತ್ತಿದ್ದರು. ಆ ಮೊದಲ ವೈವಾದ ನೆನಪು ಅವರ ಮುಖದಲ್ಲೂ ಇತ್ತು. ನಾನು ಕಣ್ಣು ಮುಚ್ಚಿ ಜಗಲಿಯನ್ನು ನೆನೆದೆ, ಬಾಯಿ ಬಿಟ್ಟೆ. ಬಂದದ್ದು ಇದು.

"ಪಟೇಲ."

ಮೇಡಂ ತಲೆ ತಗ್ಗಿಸಿದರು. ಎಕ್ಸಾಮಿನರ್ ಕನ್ನಡಕ ತೆಗೆದರು. "ಏನಂದೆ?" ಎಂದರು, ಈ ಸಲ ಕನ್ನಡದಲ್ಲಿ.

ಆಗ ನನಗೆ ಎಲ್ಲಿಂದ ಬಂತೋ ಧೈರ್ಯ. ಹೇಗೂ ಕೆಟ್ಟಿದ್ದಾಯಿತು, ಪೂರ್ತಿ ಹೇಳಿಯೇ ಬಿಡೋಣ ಎನ್ನಿಸಿತು. "ಪಟೆಲ್ಲಾ ಸರ್, ಬಲಗಾಲಿಂದು. ನಮ್ಮಜ್ಜಿ ಪಟೇಲ ಅಂತಾರೆ. ಅದೇ ಬಾಯಿಗೆ ಬಂತು" ಎಂದೆ.

"ಯಾಕೆ ಹಾಗಂತಾರೆ?"

ಹೇಳಿದೆ. ಕೆಲಸವಿಲ್ಲದಾಗ ತಿರುಗುವುದನ್ನು, ನಾಲ್ಕು ಜನ ಎಳೆದರೆ ಬಿಗಿಯಾಗುವುದನ್ನು. ಆ ನಾಲ್ಕು ಖಂಡಗಳ ಹೆಸರನ್ನು ಇಂಗ್ಲಿಷಿನಲ್ಲಿ ಸಾಲಾಗಿ ಹೇಳಿದೆ. ಆ ಪಟೇಲನೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದರು. "ಬಾವಿಗೆ ರಾಟೆ ಇಲ್ದಂಗಾಗುತ್ತೆ ಸರ್. ಅಗ್ಗ ಇರುತ್ತೆ, ಎಳೀಬೋದು. ಆದ್ರೆ ಎಳೆಯೋರಿಗೆ ಸುಸ್ತು" ಎಂದೆ. ಅವರು ನಗಲಿಲ್ಲ. ಇನ್ನೊಂದು ಮೂಳೆ ಎತ್ತಿಕೊಟ್ಟರು. ಅದೇ, ನನ್ನ ಹಳೆಯ ವೈರಿ.

"ಯೂಮರಸ್" ಎಂದೆ. ಎಡವೋ ಬಲವೋ, ತಲೆ ಎಲ್ಲಿ, ನರದ ಗೆರೆ ಎಲ್ಲಿ, ಎಲ್ಲ ಹೇಳುತ್ತ ಹೋದೆ. ಅವರು ನಡುವೆ ತಡೆಯಲೇ ಇಲ್ಲ.

ಕೊನೆಗೆ ಅವರು ತಮ್ಮ ಕಡೆಯಿಂದ ಮೆತ್ತಗೆ ತಿದ್ದಿದರು. "ಹ್ಯೂಮರಸ್ ಅಲ್ವೇನಮ್ಮ?"

"ಔದು ಸರ್. ನಮ್ಮ ಕಡೆ ಹ ಸ್ವಲ್ಪ ಕಮ್ಮಿ."

ಈಗ ನಕ್ಕರು. ಮೇಡಂ ಕೂಡ ನಕ್ಕರು. ಆ ನಗು ಬೇರೆ, ಹಿಂದಿನ ಬೆಂಚಿನ ನಗು ಬೇರೆ. "ನಿಮ್ಮಜ್ಜಿ ಏನು ಮಾಡ್ತಾರೆ?" ಎಂದು ಕೇಳಿದರು. "ಪುಸ್ತಕ ಸರ್" ಎಂದುಬಿಟ್ಟೆ. ಅರ್ಥವಾಗದೆ ನೋಡಿದರು. ವಿವರಿಸುವಷ್ಟು ಹೊತ್ತಿರಲಿಲ್ಲ. ಮುಂದಿನ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

ಫಲಿತಾಂಶ ಬಂದ ದಿನ ನಾನು ಊರಲ್ಲಿದ್ದೆ. ಪಾಸು, ಅದೂ ಅನಾಟಮಿಯಲ್ಲಿ ಒಳ್ಳೆಯ ಪಾಸು. ಅವ್ವ ಅತ್ತಳು. ಅಪ್ಪ ಸುಮ್ಮನೆ ಗಾಡಿ ತೆಗೆದುಕೊಂಡು ಕೊಪ್ಪಕ್ಕೆ ಹೋಗಿ ಮೈಸೂರ್‌ಪಾಕು ತಂದ. ಪಕ್ಕದ ಮನೆಯಾಕೆ ಬಂದು, "ಏನ್ ಓದುದ್ಲಂತೆ?" ಎಂದಳು. ಅಜ್ಜಿ ಮಂಡಿ ಚಾಚಿಕೊಂಡು ಕೂತಿದ್ದಳು. "ನನ್ನೇ ಓದ್ಬುಟ್ಲು ಕಣಮ್ಮಿ. ಮ್ಯಾಲಿಂದ ಕೆಳಗಂಟ" ಎಂದಳು. ಅಂಥ ಹೆಮ್ಮೆಯನ್ನು ನಾನು ಆ ಮುಖದಲ್ಲಿ ಅಪ್ಪ ಹೊಸ ಮನೆ ಕಟ್ಟಿದಾಗಲೂ ಕಂಡಿರಲಿಲ್ಲ. ನನಗೂ ಹಾಗೇ ಆಗಿತ್ತು, ಎದೆ ಇಷ್ಟಗಲ.

ಹಾಸ್ಟೆಲಿಗೆ ಹೊರಡುವ ದಿನ ಪೆಟ್ಟಿಗೆಯನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ, ಮುಂದಿನವರಿಗೆ ಕೊಡಬೇಕಿತ್ತು. ಅಜ್ಜಿ ಹತ್ತಿರ ಬಂದಳು. "ಪಾಸಾದ್ದ ನಂಗೇಳಿದ್ದಾಯ್ತು. ಅವ್ಳಿಗೆ ಏಳುದ್ಯಾ?"

"ಯಾರಿಗೆ?"

ಅಜ್ಜಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಅರ್ಧ ಓದು ಅವ್ಳ ಮೈದಲ್ವಾ? ಇಷ್ಟ್ ಜನ ಓದ್ಕಂಡು ಓಗವ್ರಲ್ಲ, ಒಬ್ರಾದ್ರೂ ಏಳವ್ರಾ ಅವ್ಳಿಗೆ?"

ಮನೆಯಲ್ಲಿ ಎಲ್ಲರ ಮುಂದೆ ನಾಚಿಕೆಯಾಯಿತು. ಅಲ್ಲಿ ಏಳ್ತೀನಿ ಬುಡು ಎಂದು ಬಸ್ಸು ಹತ್ತಿದೆ.

ಹಾಸ್ಟೆಲಿನ ರೂಮಿನಲ್ಲಿ ರೂಮ್‌ಮೇಟ್ ಇದ್ದಳು, ಅವಳ ಇಬ್ಬರು ಗೆಳತಿಯರಿದ್ದರು, ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದ ಹೊಸ ಹುಡುಗಿಯೂ ಇದ್ದಳು. ಪೆಟ್ಟಿಗೆಯನ್ನು ಹಾಗೇ ದಾಟಿಸಿಬಿಡಬಹುದಿತ್ತು. ನಾನು ಮುಚ್ಚಳ ತೆಗೆದೆ. ಸೊಂಟದ ಮೂಳೆಯ ಮೇಲೆ ಕೈಯಿಟ್ಟೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಓಗ್ಬುಟ್ ಬಾ ಕಣವ್ವ. ನಾನು ಪಾಸಾದೆ" ಎಂದೆ, ಎಲ್ಲರಿಗೂ ಕೇಳುವ ಹಾಗೆ, ನಮ್ಮ ಬಾಯಲ್ಲೇ.